ಆಂಬುಲೆನ್ಸಿಗೆ ಅಳತೆ

"ಎಲ್ಲಿದೆ, ಸರಿಯಾಗಿ ನೋಡು," ಎಂದು ಲೈನ್‌ಮನ್ ತಾತ ಮೂರನೇ ಸಲ ಹೇಳಿದರು.

ಟೈಲರಮ್ಮನ ಮಗಳು ಸರಿಯಾಗಿಯೇ ನೋಡುತ್ತಿದ್ದಳು. ಶಾಲೆಯ ಹಾಲಿನ ಗೋಡೆಗೆ ಅಂಟಿಸಿದ್ದ ನಕ್ಷೆಯ ಮೇಲೆ ಅವಳ ಬೆರಳು ಬೀದಿಯ ಬಾಯಿಂದ ಹೊರಟು, ಬೇಕರಿ ದಾಟಿ, ನೀರಿನ ಟ್ಯಾಂಕು ದಾಟಿ, ಬೀದಿ ಮುಗಿಯುವ ಕಡೆ ಬಂದು ನಿಂತಿತು. ಅಲ್ಲಿ ಎಡಕ್ಕೆ ತಾತನ ಮನೆ. ಅದು ಇತ್ತು. ಬಲಕ್ಕೆ ಅಮ್ಮನ ಹೊಲಿಗೆ ಅಂಗಡಿ. ಅದು ಇರಲಿಲ್ಲ. ಅಂಗಡಿ ಇರಬೇಕಾದ ಕಡೆ ಬಿಲ್ಲಿನ ಹಾಗೆ ಬಾಗಿದ ಒಂದು ಗೆರೆ, ಗೆರೆಯೊಳಗೆ ಮುದ್ದಾದ ಅಕ್ಷರದಲ್ಲಿ 'ವಾಹನ ತಿರುಗುವ ಜಾಗ' ಎಂದು ಬರೆದಿತ್ತು.

ಅಕ್ಷರ ನಗರಸಭೆಯವರದ್ದು. ಆದರೆ ಅದರ ಅಡಿಯ ನಕ್ಷೆ ಅವಳದ್ದೇ.

ಈ ಸಲ ಬೀದಿಗೆ ಏನು ಬೇಕೆಂದು ಬೀದಿಯವರೇ ಹೇಳಲಿ ಎಂದು ನಗರಸಭೆ ತೀರ್ಮಾನಿಸಿದಾಗ, ಬೀದಿಯ ಹುಡುಗ ಹುಡುಗಿಯರು ಆರು ಮಂದಿ ಟೇಪು ಹಿಡಿದು ಹೊರಟಿದ್ದರು. ಪಾಲಿಟೆಕ್ನಿಕ್ಕಿನಲ್ಲಿ ಡ್ರಾಯಿಂಗು ಕಲಿಯುತ್ತಿದ್ದ ಟೈಲರಮ್ಮನ ಮಗಳೇ ಮುಂದಾಳು. ಮೂರು ತಿಂಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು. ಇಪ್ಪತ್ತೇಳು ಮನೆಯವರು ತಮಗೆ ಬೇಕಾದ್ದನ್ನು ಹೇಳಿದರು. ದೀಪ ಬೇಕು, ಚರಂಡಿಗೆ ಮುಚ್ಚಳ ಬೇಕು, ಎದುರು ಮನೆಯವರ ನಾಯಿಗೆ ಬುದ್ಧಿ ಬೇಕು. ಎಲ್ಲರೂ ಒಂದೇ ದನಿಯಲ್ಲಿ ಕೇಳಿದ್ದು ಮಾತ್ರ ಆಂಬುಲೆನ್ಸು ತಿರುಗುವಷ್ಟು ಜಾಗ. ಹೋದ ವರ್ಷ ತಾತನ ಹೆಂಡತಿಗೆ ಎದೆನೋವು ಬಂದಾಗ, ಒಳಗೆ ಬಂದರೆ ಹಿಂದಕ್ಕೆ ಹೋಗುವುದು ಕಷ್ಟ ಎಂದು ಗಾಡಿ ಬೀದಿಯ ಬಾಯಲ್ಲೇ ನಿಂತುಬಿಟ್ಟಿತ್ತು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಅಲ್ಲಿಯವರೆಗೆ ಹೊತ್ತುಕೊಂಡು ಓಡಿದ್ದರು. ಅಜ್ಜಿ ಬದುಕಿದರು. ಆ ಓಟವನ್ನು ಬೀದಿ ಮರೆಯಲಿಲ್ಲ.

ಇಷ್ಟೆಲ್ಲ ಮಾಡಿ ಎಡವಿದ್ದೆಲ್ಲಿ ಎಂದರೆ ಹೊಸ್ತಿಲಲ್ಲಿ. ಪ್ರತಿ ಭಾನುವಾರ ಟೇಪಿನ ತುದಿಯನ್ನು ಅಮ್ಮನ ಅಂಗಡಿಯ ಹೊಸ್ತಿಲ ಮೇಲಿಟ್ಟು, ಜಾರದಂತೆ ಅಮ್ಮನ ಇಸ್ತ್ರಿಪೆಟ್ಟಿಗೆಯನ್ನು ಹೇರಿ ಅವರು ಹೊರಡುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಎಲ್ಲ ಅಳತೆಯೂ ಅಲ್ಲಿಂದಲೇ: ಹೊಸ್ತಿಲಿನಿಂದ ಟ್ಯಾಂಕಿಗೆ ಅರವತ್ತೆರಡು ಅಡಿ, ಹೊಸ್ತಿಲಿನಿಂದ ಕಂಬಕ್ಕೆ ಹತ್ತೊಂಬತ್ತು. ನಿಂತ ನೆಲವನ್ನು ಯಾರು ಅಳೆಯುತ್ತಾರೆ? ನೋಟ್‌ಬುಕ್ಕಿನಿಂದ ಹಾಳೆಗೆ ಇಳಿಸುವಾಗ ಅಂಗಡಿಗೆಂದು ಒಂದು ಸಾಲೂ ಇರಲಿಲ್ಲ. ಅಂಗಡಿಯ ನೆಲ ನಗರಸಭೆಯದು, ಹದಿನಾಲ್ಕು ವರ್ಷದ ಹಿಂದೆ ಅಮ್ಮನಿಗೆ ಹೊಲಿಗೆ ಮಾಡಿಕೊಳ್ಳಲು ಕೊಟ್ಟಿದ್ದು. ಅವರ ಹಳೆಯ ಹಾಳೆಯಲ್ಲೂ ಅದು ಖಾಲಿ ಜಾಗವೇ.

ನಗರಸಭೆಯಿಂದ ಬಂದಿದ್ದ ನಕ್ಷೆ ಮೇಡಂ ಕೆಟ್ಟವರಲ್ಲ. ನೋಟ್‌ಬುಕ್ಕನ್ನು ಪುಟ ಪುಟ ತಿರುಗಿಸಿ ನೋಡಿದರು.

"ಅಂಗಡಿ ಇದೆ ಅಂತ ನಾನು ಒಪ್ತೀನಿ ಕಣಮ್ಮ. ಆದ್ರೆ ಅದನ್ನ ಬರೆದ್ರೆ ಗಾಡಿ ತಿರುಗೋ ಜಾಗ ಹೋಗುತ್ತೆ. ಎರಡೂ ಕೂರಲ್ಲ. ನಾನು ಕೂರಿಸಿ ನೋಡ್ದೆ."

"ಮತ್ತೆ ಏನು ಮಾಡೋದು ಮೇಡಂ?"

"ಆಕ್ಷೇಪಣೆಗೆ ಇವತ್ತು ಐದು ಗಂಟೆ ಕೊನೆ. ನಾಳೆ ಇದು ಮೇಲಕ್ಕೆ ಹೋಗುತ್ತೆ. ಯಾವುದು ಬೇಕು ಅಂತ ನೀವೇ ಹೇಳಿ, ನಾನು ಬರೀತೀನಿ."

ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ.

ಸುದ್ದಿ ಅವಳಿಗಿಂತ ಮೊದಲೇ ಅಂಗಡಿ ತಲುಪಿತ್ತು. ತಂದವನು ಮೀಟರ್. ಶಾಲೆಯ ವ್ಯಾನು ಓಡಿಸುವ ಇಪ್ಪತ್ತಮೂರರ ಹುಡುಗ. ಬಾಯಿ ಒಂದು ಸಲ ಓಡಲು ಶುರುವಾದರೆ ನಿಲ್ಲುವುದಿಲ್ಲವೆಂದು ಆ ಹೆಸರು. ಅಳತೆಯ ಆರು ಮಂದಿಯಲ್ಲಿ ಅವನೂ ಒಬ್ಬ.

"ನಕ್ಷೆಯಲ್ಲಿ ನನ್ನ ಅಂಗಡಿನೇ ಇಲ್ವಂತೆ?" ಎಂದಳು ಅಮ್ಮ, ಮಗಳು ಬಾಗಿಲಿಗೆ ಬಂದ ಕೂಡಲೇ. "ಹಾಗಾದ್ರೆ ಹದಿನಾಲ್ಕು ವರ್ಷದಿಂದ ನಾನು ಎಲ್ಲಿ ಕೂತಿದೀನಿ?"

"ಅಮ್ಮಾ, ನನ್ನದೇ ತಪ್ಪು."

"ನಿನ್ನೊಬ್ಬಳದ್ದೇ ಯಾಕೆ? ಎಲ್ಲರ ಜೊತೆ ನಕ್ಷೆ ಕೆಳಗೆ ಸೈನ್ ಹಾಕಿದೋಳು ನಾನು. ಅಂಗಿಗೆ ಕಾಲರ್ ವಾರೆ ಇದ್ರೆ ಬೀದಿ ತುದೀಲೇ ಕಂಡುಹಿಡೀತೀನಿ. ಅಂಗಡಿ ಇಲ್ಲದ ನಕ್ಷೆ ಮೂಗಿನ ಕೆಳಗಿತ್ತು, ಕಾಣ್ಲಿಲ್ಲ." ನಗುತ್ತಲೇ ಹೇಳಿದಳು. ಆದರೆ ಅವಳ ಕಾಲು ಮೆಷಿನ್ನಿನ ಪೆಡಲಿನ ಮೇಲೆ ಸುಮ್ಮನಿತ್ತು. ಹೊಲಿಯುವಾಗ ಮಾತಾಡುವ, ಮಾತಾಡುವಾಗ ಹೊಲಿಯುವ ಹೆಂಗಸು. ಆ ಮೆಷಿನ್ನು ನಡುಹಗಲಿನಲ್ಲಿ ಹೀಗೆ ನಿಂತದ್ದನ್ನು ಮಗಳು ನೋಡಿರಲಿಲ್ಲ.

ಬೇಕರಿಯಣ್ಣ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದರು. "ಅದಕ್ಕೇನು ಯೋಚನೆ? ತಿರುಗೋ ಜಾಗ ಬೇಡ ಅಂತ ಬರೆದುಕೊಟ್ರಾಯ್ತು. ಅಕ್ಕನ ಅಂಗಡಿ ಉಳೀಲಿ."

"ಬೇಡ ಅನ್ನೋಕೆ ಆಗಲ್ಲಣ್ಣ," ಎಂದಳು ಅಮ್ಮ. "ಅಜ್ಜಿ ಕುರ್ಚೀದು ಒಂದು ಕಾಲು ನಾನೇ ಹಿಡ್ಕೊಂಡಿದ್ದೆ."

ಶಾಲೆಯಿಂದ ಮಗಳ ಜೊತೆಯೇ ಬಂದಿದ್ದ ಲೈನ್‌ಮನ್ ತಾತ ರಸ್ತೆಯ ಆಚೆ ತಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಹೋಗಿ ಕೂತರು. ಆ ಕಟ್ಟೆ ಅವರು ನಿವೃತ್ತಿಯಾದ ತಿಂಗಳೇ ತಮ್ಮ ಕೈಯಾರೆ ಕಟ್ಟಿಕೊಂಡದ್ದು. ಕೆಲಸದಲ್ಲಿದ್ದಷ್ಟು ದಿನ ಕಂಬದ ಮೇಲೇ ಕಳೆದೆ, ಇನ್ನು ಕೂತೇ ಇರುತ್ತೇನೆ ಎನ್ನುತ್ತಿದ್ದರು. ಬೆಳಗಿನ ಪೇಪರಿನಿಂದ ಸಂಜೆಯ ಸೊಳ್ಳೆಯವರೆಗೆ ಅವರ ಆಫೀಸು ಅದೇ.

ಅಮ್ಮ ಬೀದಿಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು, ಗಿರಾಕಿಯ ಭುಜ ನೋಡುವ ಹಾಗೆ.

"ಆ ಮೇಡಂ ಆಫೀಸಲ್ಲಿ ಕೂತು ಕೂರಿಸಿ ನೋಡಿದ್ರಾ? ಗಾಡಿ ತಂದು ನೋಡಿದ್ರಾ?"

"ಹಾಳೆ ಮೇಲೆ ನೋಡಿರ್ತಾರೆ."

"ಟ್ರಯಲ್ ನೋಡದೆ ಯಾರಾದ್ರೂ ಹೊಲಿಗೆ ಹಾಕ್ತಾರಾ? ಲೋ ಮೀಟರ್, ಆಂಬುಲೆನ್ಸು ಎಷ್ಟು ಉದ್ದ ಇರುತ್ತೆ?"

ಮೀಟರಿಗೆ ಆಂಬುಲೆನ್ಸು ಓಡಿಸುವ ಗೆಳೆಯನೊಬ್ಬನಿದ್ದ. ಫೋನು ಮಾಡಿದ. ಹದಿನೇಳು ಅಡಿ ಉದ್ದ, ಕನ್ನಡಿ ಸೇರಿ ಏಳು ಅಡಿ ಅಗಲ. ಅಮ್ಮ ಬಟ್ಟೆ ಕತ್ತರಿಸುವ ಮುಂಚೆ ಅಚ್ಚು ಕತ್ತರಿಸುವ ಕಂದು ಕಾಗದದ ಸುರುಳಿ ಎಳೆದಳು. ಅದು ಸಾಲದೆ ತಾತನ ಹಳೆಯ ಪೇಪರುಗಳು ಬಂದವು. ಬೀದಿಯ ನಡುವೆ ಹಾಸಿ, ಗುಂಡುಸೂಜಿಯಿಂದ ಜೋಡಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ದೊಡ್ಡ ಕತ್ತರಿಯಲ್ಲಿ ಸರ್ರನೆ ಕತ್ತರಿಸಿದಳು. ಮೂತಿಯ ಕಡೆ ಮೂಲೆಗಳನ್ನು ಸ್ವಲ್ಪ ಗುಂಡಗೆ ಮಾಡಿದಳು.

"ಅದ್ಯಾಕಮ್ಮ?"

"ಗಾಡಿ ಮೂತಿ ಚೌಕ ಇರುತ್ತೇನೆ? ಹೆಗಲು ಇಳಿಸಬೇಕು."

ಆರು ಮಂದಿಯೂ ಸೇರಿ ಕಾಗದದ ಆಂಬುಲೆನ್ಸನ್ನು ಸೊಂಟದ ಎತ್ತರಕ್ಕೆ ಎತ್ತಿ ಹಿಡಿದರು. ಮುಂದೆ ಮೀಟರ್, ಕೈಯಲ್ಲಿ ಇಲ್ಲದ ಸ್ಟಿಯರಿಂಗು. ಬಾಯಲ್ಲಿ ಸೈರನ್ನು ಬೇರೆ.

"ಸೈರನ್ ಬೇಡ್ವೋ, ಅಜ್ಜಿ ಹೆದರ್ತಾರೆ!"

"ಸೈರನ್ ಇಲ್ದಿದ್ರೆ ನನಗೆ ತಿರುಗ್ಸಕ್ಕೆ ಬರಲ್ಲಕ್ಕ. ಏಯ್ ಹಿಂದಿನೋರೇ, ಪಕ್ಕಕ್ಕೆ ಜಾರಬೇಡ್ರೋ! ನೀವು ಹಿಂದಿನ ಚಕ್ರ, ನಿಮಗೆ ಸ್ವಂತ ಬುದ್ಧಿ ಇಲ್ಲ."

"ನಿನಗಿದೆಯಾ?" ಎಂದು ಹಿಂದಿನ ಚಕ್ರ ಕೇಳಿತು.

ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತಿತು. ಮೊದಲನೇ ಸಲ ಗಾಡಿಯ ಮೂತಿ ತಾತನ ಕಟ್ಟೆಗೆ ತಗುಲಿತು, ಹಿಂಭಾಗ ಅಂಗಡಿಯೊಳಗೆ ಹೋಗಿ ಬಟ್ಟೆ ತೂಗುಹಾಕಿದ್ದ ತಂತಿಗೆ ಸಿಕ್ಕಿಕೊಂಡಿತು. ಎರಡನೇ ಸಲ ಟ್ಯಾಂಕಿನ ಹತ್ತಿರದಿಂದಲೇ ತಿರುವು ಹಿಡಿದು ಬಂದರು. ಹಿಂಭಾಗ ಅಂಗಡಿಗೆ ಗೇಣಷ್ಟು ದೂರದಲ್ಲಿ ಪಾರಾಯಿತು. ಮೂತಿ ಮತ್ತೆ ಕಟ್ಟೆಗೆ. ಮೂರನೇ ಸಲವೂ ಅಷ್ಟೇ. ಕಾಗದದ ಮೂಗು ಮಡಚಿಕೊಂಡು ತಾತನ ಮೊಣಕಾಲಿಗೆ ತಾಗಿತು.

ಮೀಟರ್ ಬಗ್ಗಿ ನೋಡಿದ. ಬಾಯಿಗೆ ಬಂದಂತೆ ಹೇಳುವವನು ಈ ಸಲ ಮೆಲ್ಲಗೆ ಹೇಳಿದ. "ಎರಡೂವರೆ ಅಡಿ. ಅಷ್ಟು ಸಿಕ್ಕಿದ್ರೆ ಒಂದೇ ರಿವರ್ಸಿಗೆ ತಿರುಗುತ್ತೆ."

ಟೈಲರಮ್ಮನ ಮಗಳು ನೋಟ್‌ಬುಕ್ಕು ತೆಗೆದಳು. ಹೊಸ್ತಿಲಿನಿಂದ ತಾತನ ಮನೆಗೆ ಹತ್ತೊಂಬತ್ತೂವರೆ ಅಡಿ. ಅಳೆದದ್ದು ಕಟ್ಟೆಯ ಅಂಚಿನವರೆಗೆ. ನಕ್ಷೆಯಲ್ಲಿ ಕಟ್ಟೆಯೂ ಮನೆಯ ಗೋಡೆಯೇ ಆಗಿ ಕೂತಿತ್ತು. ಕಟ್ಟೆಯ ಅಗಲ ಮೂರು ಅಡಿ. ಮೇಡಂಗೆ ಕಾಣದ ಜಾಗ ಇದೇ. ಕಂಡದ್ದನ್ನು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎಲ್ಲರೂ ಕಟ್ಟೆಯನ್ನು ನೋಡಿದರು, ಆಮೇಲೆ ನೋಡಲಿಲ್ಲ ಎನ್ನುವ ಹಾಗೆ ಟ್ಯಾಂಕಿನ ಕಡೆ, ಆಕಾಶದ ಕಡೆ ತಿರುಗಿದರು.

"ಬಿಡ್ರಪ್ಪ, ಮಡಚಿ ಅದನ್ನ," ಎಂದಳು ಅಮ್ಮ. "ಬೇರೆ ಕಡೆ ಎಲ್ಲಾದ್ರೂ ಒಂದು ಮೂಲೆ ಸಿಗದೆ ಇರುತ್ತಾ ನನಗೆ."

ತಾತ ಕಟ್ಟೆಯಿಂದ ಎದ್ದರು. ಮನೆಯೊಳಗೆ ಹೋದರು. ಬಾಗಿಲು ಮುಚ್ಚಿತು.

ಮೂರೂ ಮುಕ್ಕಾಲು. ನಾಲ್ಕು. ಬೇಕರಿಯಣ್ಣ ಒಲೆಯಲ್ಲಿ ಇಟ್ಟದ್ದು ನೆನಪಾಗಿ ಓಡಿದರು. ಹುಡುಗರು ಕಾಗದವನ್ನು ಮಡಚಲೂ ಮನಸ್ಸಿಲ್ಲದೆ ಹಿಡಿದೇ ನಿಂತಿದ್ದರು. ಟೈಲರಮ್ಮನ ಮಗಳು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ತಟ್ಟೋಣವೆಂದರೆ, ತಟ್ಟಿ ಏನೆಂದು ಕೇಳುವುದು? ನನ್ನ ತಪ್ಪಿಗೆ ನಿಮ್ಮ ಕಟ್ಟೆ ಒಡೆಯಿರಿ ಎಂದೇ? ಅಮ್ಮ ಒಳಗೆ ತಂತಿಯ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಇಳಿಸಿ ಮಡಚುತ್ತಿದ್ದಳು. ಅವು ಇನ್ನೂ ಹೊಲಿದು ಮುಗಿದಿರಲಿಲ್ಲ.

ನಾಲ್ಕೂ ಇಪ್ಪತ್ತಕ್ಕೆ ಆ ಮನೆಯೊಳಗಿನಿಂದ ಅಜ್ಜಿಯ ದನಿ ಕೇಳಿಸಿತು. ಕಿಟಕಿ ತೆರೆದೇ ಇತ್ತು.

"ಇನ್ನೂ ಎಷ್ಟು ಹೊತ್ತು ಯೋಚನೆ ಮಾಡ್ತೀರಿ? ಅವತ್ತು ನಾಲ್ಕು ಜನ ಹೊತ್ಕೊಂಡು ಹೋದ್ರಲ್ಲ, ಅದರಲ್ಲಿ ನಿಮ್ಮ ಕಟ್ಟೆನೂ ಇತ್ತಾ?"

"ಯಾರೇ ಯೋಚನೆ ಮಾಡ್ತಿರೋದು? ಕನ್ನಡಕ ಎಲ್ಲಿಟ್ಟಿದೀಯ ಹೇಳು ಅಂತ ಅರ್ಧ ಗಂಟೆಯಿಂದ ಬಡ್ಕೊಳ್ತಿದೀನಿ!"

"ನಿಮ್ಮ ಹಣೆ ಮೇಲಿದೆ!"

ಬೀದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಾಗಿಲು ತೆರೆಯಿತು. ತಾತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಮನೆಯ ಪತ್ರದ ಚೀಲ.

"ಎಲ್ಲಿ ಸೈನ್ ಹಾಕಬೇಕು? ನಡೀರಿ. ಐದು ಗಂಟೆ ಆದ್ಮೇಲೆ ಆ ಹುಡುಗಿ ಬಾಗಿಲು ಹಾಕ್ಕೊಂಡು ಹೋಗ್ತಾಳೆ."

"ತಾತಾ, ನಿಮ್ಮ ಕಟ್ಟೆ..." ಎಂದಳು ಟೈಲರಮ್ಮನ ಮಗಳು.

"ಅದೇನು ಪಾರಿಜಾತವಾ? ಇಟ್ಟಿಗೆ." ಎರಡು ಹೆಜ್ಜೆ ನಡೆದು ನಿಂತರು. "ಒಡೆಯೋವಾಗ ಮಾತ್ರ ನನಗೆ ಹೇಳಬೇಡಿ. ನಾನು ಎಲ್ಲಾದ್ರೂ ಹೋಗಿ ಬರ್ತೀನಿ."

ಹೊರಡುವ ಮೊದಲು ಮೀಟರ್ ಕಟ್ಟೆಯ ಮೇಲೆಯೇ ಕಾಗದದ ಮೂತಿ ಹಾಯಿಸಿ ಇನ್ನೊಂದು ಸುತ್ತು ತಿರುಗಿಸಿದ. ಒಂದೇ ರಿವರ್ಸಿಗೆ ತಿರುಗಿತು. ಸೈರನ್ನು ಈ ಸಲ ಬೀದಿಯೇ ಹಾಕಿತು.

ತಾತನ ಜೊತೆ ಹುಡುಗರು ಶಾಲೆಯ ಹಾಲಿಗೆ ಓಡಿ ಹೋದಾಗ ನಕ್ಷೆ ಮೇಡಂ ರಿಜಿಸ್ಟರು ಮುಚ್ಚಿ ಚೀಲಕ್ಕೆ ಹಾಕುತ್ತಿದ್ದರು. ಹದಿಮೂರು ನಿಮಿಷ ಬಾಕಿ. ಕಾಗದದ ಆಂಬುಲೆನ್ಸನ್ನು ಹಾಲಿನ ನೆಲದ ಮೇಲೆ ಬಿಡಿಸಿದರು, ಸಂದುಗೊಂದು ಗುಂಡುಸೂಜಿ ಮಿನುಗುತ್ತಿತ್ತು. ಮೇಡಂ ಚಪ್ಪಲಿ ಬಿಟ್ಟು ಅದರ ಸುತ್ತ ಒಂದು ಸಲ ನಡೆದರು.

"ಇದನ್ನ ಯಾರು ಕತ್ತರಿಸಿದ್ದು?"

"ನಮ್ಮಮ್ಮ. ಟೈಲರ್."

"ನಮ್ಮ ಆಫೀಸಲ್ಲಿ ಯಾರೂ ಹೀಗೆ ನೋಡಿರಲಿಲ್ಲ." ತಾತನ ಸಹಿ ತೆಗೆದುಕೊಂಡು, ಪತ್ರ ನೋಡಿ, ರಿಜಿಸ್ಟರಿನಲ್ಲಿ ನಾಲ್ಕು ಸಾಲು ಬರೆದರು. ಬಿಲ್ಲಿನ ಗೆರೆಯನ್ನು ಅಳಿಸಿ ಕಟ್ಟೆಯ ಕಡೆಗೆ ಸರಿಸಿದರು. ಆಮೇಲೆ ಸ್ಕೇಲು ಮತ್ತು ಪೆನ್ಸಿಲನ್ನು ಟೈಲರಮ್ಮನ ಮಗಳ ಕಡೆ ಚಾಚಿದರು. "ಅಂಗಡಿ ನೀವೇ ಬರೀರಿ. ಅಳತೆ ಎಷ್ಟು?"

ಅವಳಿಗೆ ಗೊತ್ತಿರಲಿಲ್ಲ. ಬೀದಿಯ ಕಂಬ ಕಂಬದ ಅಳತೆ ಬಾಯಿಗೆ ಬರುತ್ತಿದ್ದವಳು ಮೀಟರಿನ ಕಡೆ ತಿರುಗಿದಳು. ಮೀಟರ್ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಹಿಡಿದ.

"ಅಕ್ಕಾ, ನಿಮ್ಮ ಅಂಗಡಿ ಅಳತೆ ಎಷ್ಟು?"

"ಒಂಬತ್ತು ಅಡಿ ಅಗಲ, ಹನ್ನೊಂದು ಉದ್ದ," ಎಂದಳು ಅಮ್ಮ. "ಹಿಂದಿನ ಗೋಡೆ ಒಂಚೂರು ಡೊಂಕು. ಅದನ್ನೂ ಬರೀಲಿ."

ಡೊಂಕನ್ನೂ ಬರೆದಳು.

ಮುಂದಿನ ತಿಂಗಳು ಕಟ್ಟೆ ಒಡೆದರು. ಅರ್ಧ ದಿನದ ಕೆಲಸ. ತಾತ ಹೇಳಿದ ಹಾಗೆ ಬೆಳಗ್ಗೆಯೇ ಎಲ್ಲಿಗೋ ಹೋಗಿದ್ದರು. ಸಂಜೆ ಬಂದಾಗ ಮನೆಯ ಮುಂದೆ ನೆಲ ಸಮವಾಗಿ, ಒದ್ದೆಯಾಗಿತ್ತು. ಒಳಗೆ ಹೋಗಿ ಒಂದು ಕುರ್ಚಿ ತಂದರು. ಗೋಡೆಗೆ ಒತ್ತಿ ಇಟ್ಟು ನೋಡಿದರು, ಎತ್ತಿಕೊಂಡರು. ಬಾಗಿಲ ಪಕ್ಕಕ್ಕೆ ಇಟ್ಟು ನೋಡಿದರು, ಮತ್ತೆ ಎತ್ತಿಕೊಂಡರು. ಕುರ್ಚಿ ಹಿಡಿದುಕೊಂಡೇ ನಿಂತರು.

ಎದುರಿನ ಅಂಗಡಿಯಲ್ಲಿ ಟೈಲರಮ್ಮನ ಬಾಯಿ ತುಂಬ ಗುಂಡುಸೂಜಿ. ಮೆಷಿನ್ನು ನಿಲ್ಲಿಸದೆ, ಬಿಡುವಿದ್ದ ಕಾಲಿನಿಂದ ಬಾಗಿಲ ಬಳಿಯ ಬಟ್ಟೆಚೂರಿನ ಬುಟ್ಟಿಯನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದಳು. ಒಂದು ಕುರ್ಚಿ ಹಿಡಿಸುವಷ್ಟು ಜಾಗವಾಯಿತು. ತಾತ ರಸ್ತೆಯ ಎರಡೂ ಕಡೆ ನೋಡಿ, ದಾಟಿ ಬಂದರು.