ಬ್ಯಾಟರಿ ನೀರು

"ಆಸಿಡ್ ಇದೆಯಾ?"

ಮುಕಲಾಜಿ ಪುಸ್ತಕದಿಂದ ತಲೆಯೆತ್ತಿದ. ಮಸಾಕಾ ಪಟ್ಟಣದ ಈ ಗ್ಯಾರೇಜು ಓಣಿಯಲ್ಲಿ ಹದಿನೈದು ವರ್ಷದಿಂದ ಬ್ಯಾಟರಿ ರಿಪೇರಿ ಮಾಡುತ್ತಿದ್ದಾನೆ. ಗಿರಾಕಿಗಳ ಬಾಯಲ್ಲಿ ಆ ಶಬ್ದ ಕೇಳಿದ್ದು ಅಪರೂಪ. ಲಾರಿಯವರಾಗಲಿ ಬೈಕಿನವರಾಗಲಿ ಎಲ್ಲರೂ ಅದನ್ನು 'ನೀರು' ಅನ್ನುತ್ತಾರೆ. ಕೆಲಸ ಕಲಿಸಿದ ಮುದುಕ ಬಿರಿಮುಯೆ ಸಾಯುವ ಮುಂಚೆ ಹೇಳಿದ್ದ: "ನೀರು ಕೇಳ್ದೋರಿಗೆ ಗಾಡಿ ಇರುತ್ತೆ ಮಗಾ. ಆಸಿಡ್ ಕೇಳ್ದೋರಿಗೆ ಹಗೆ ಇರುತ್ತೆ. ಕೊಡ್ಬೇಡ."

ಆದರೆ ಎದುರು ನಿಂತಿದ್ದ ಹೆಂಗಸು ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದಳು. ತೆರೆದ ಪುಸ್ತಕ ನೋಡಿ, "ಮೇಷ್ಟ್ರಾ ನೀವು?" ಎಂದಳು.

ಮೂವತ್ತೇಳು ವರ್ಷದ ಬದುಕಿನಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ.

"ಇನ್ನೂ ಇಲ್ಲ. ನಾಳೆ ಕಂಪಾಲಾದಲ್ಲಿ ಪರೀಕ್ಷೆ. ಶಾಲೆ ಅರ್ಧಕ್ಕೆ ಬಿಟ್ಟು ವಯಸ್ಸಾದೋರಿಗೆ ಅಂತ ವಿಶ್ವವಿದ್ಯಾಲಯದೋರು ಇಟ್ಟಿರೋದು. ಪಾಸಾದ್ರೆ ಕೆಮಿಸ್ಟ್ರಿ ಡಿಗ್ರಿಗೆ ಸೀಟು."

"ದೇವರು ಒಳ್ಳೇದು ಮಾಡ್ಲಿ. ನಂಗೆ ಗಟ್ಟೀದು ಬೇಕು."

"ಗಟ್ಟೀದು ಅನ್ಬಾರ್ದು. ಸಾಂದ್ರ."

"ಸಾಂದ್ರ," ಎಂದು ಒಪ್ಪಿಸಿದಳು.

ಯಾವ ಗಾಡಿಗೆ ಎಂದು ಅವನು ಕೇಳಲಿಲ್ಲ. ಬಾಟಲಿಗೆ ಸುರಿಯುತ್ತಾ ಪಾಠ ಹೇಳಿದ: ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಎಂದೂ ಹಾಕಬಾರದು.

"ಚರ್ಮಕ್ಕೆ ತಾಗಿದ್ರೆ?"

ಒಳ್ಳೆಯ ಪ್ರಶ್ನೆ ಅನ್ನಿಸಿತು. "ತಕ್ಷಣ ನೀರು ಸುರೀಬೇಕು. ಸುರೀತಾನೇ ಇರ್ಬೇಕು."

"ಹತ್ರ ನೀರಿಲ್ದಿದ್ರೆ?"

ಅವನು ನಕ್ಕ. ಅವಳು ನಗಲಿಲ್ಲ.

ಅವಳು ಹೋದದ್ದೇ, ಎದುರಿಗೆ ಮೆಕ್ಕೆಜೋಳ ಸುಡುತ್ತಿದ್ದ ನಮ್ಯಾಲೊ ಎಂದಿನ ಗೇಲಿಯಲ್ಲಿ ಕೂಗಿದಳು: "ಪ್ರೊಫೆಸರ್ರೇ! ಅವಳ ಗಂಡ ಮಾರ್ಕೆಟ್ಟಿನ ಹಿಂದೆ ಒಬ್ಬ ಚಿಕ್ಕ ಹುಡುಗೀನ ಇಟ್ಕೊಂಡಿದಾನಂತೆ. ಏನ್ ತಗೊಂಡ್ಲು ನಿಮ್ಮತ್ರ?"

"ನೀರು," ಎಂದ ಮುಕಲಾಜಿ.

"ಕಾರೇ ಇಲ್ಲ ಅವಳಿಗೆ."

ಅವನು ಪುಟ ತಿರುಗಿಸಿದ. ಸಮೀಕರಣದ ಎರಡೂ ಬದಿ ಸರಿದೂಗಬೇಕು. ಒಂದು ಪರಮಾಣುವೂ ಕಳೆದುಹೋಗುವಂತಿಲ್ಲ. ಈ ಮಾತು ಅವನಿಗೆ ಇಷ್ಟವಾಗಿತ್ತು. ಅವನ ಬದುಕಿನಲ್ಲಿ ಬಹಳಷ್ಟು ಕಳೆದುಹೋಗಿತ್ತು. ಬಾಗಿಲಲ್ಲಿದ್ದ ಹಳದಿ ಕ್ಯಾನಿನ ಮೇಲೆ ಬಿರಿಮುಯೆಯ ಕೈಬರಹದಲ್ಲಿ ದೊಡ್ಡದಾಗಿ 'ನೀರು' ಎಂದಿತ್ತು. ಒಳಗೆ ಬ್ಯಾಟರಿಗೆ ತುಂಬುವ ಆಮ್ಲ. ಅದನ್ನು ಅಳಿಸಿ ಸರಿಯಾದ ಹೆಸರು ಬರೆಯಬೇಕೆಂದು ವಾರದಿಂದ ಅಂದುಕೊಳ್ಳುತ್ತಿದ್ದ. ಪರೀಕ್ಷೆ ಮುಗಿಯಲಿ.

ಮಧ್ಯಾಹ್ನ ಮಾರ್ಕೆಟ್ಟಿನ ಹಿಂದಿನಿಂದ ಕಿರುಚಾಟ ಬಂತು. ಮನುಷ್ಯರದ್ದೆಂದು ಮೊದಲಿಗೆ ಗೊತ್ತಾಗಲಿಲ್ಲ. ಹಂದಿ ಕೊಯ್ಯುತ್ತಿದ್ದಾರೆಂದುಕೊಂಡ. ಜನ ಓಡಿದರು. ನಮ್ಯಾಲೊ ಓಡಿ ಹೋಗಿ ಓಡಿ ಬಂದಳು. ಅವಳ ಕೈಯಲ್ಲಿ ಜೋಳದ ತೆನೆ ಹಾಗೇ ಇತ್ತು.

"ಆ ಹುಡುಗಿ ಮುಖಕ್ಕೆ ಎರಚಿದಾಳೆ. ಕಣ್ಣು... ಅಯ್ಯೋ, ಕಣ್ಣೇ ಇಲ್ಲ ಕಣೋ." ಪ್ರೊಫೆಸರ್ ಅನ್ನುವುದನ್ನು ಮರೆತಿದ್ದಳು. "ಎರಚಿದೋಳನ್ನ ಕಲ್ಲಲ್ಲಿ ಜಜ್ತಿದಾರೆ. ಮಾರಿದೋನು ಯಾರು ಅಂತ ಕೇಳ್ತಿದಾರೆ. ಸುಡೋಕೆ ಟೈರು ತಂದಿಟ್ಟಿದಾರೆ, ಪೆಟ್ರೋಲೂ."

"ಹೌದಾ," ಎಂದ.

ಅವಳು ಅವನನ್ನೇ ನೋಡಿದಳು. ಆಮೇಲೆ ಒಲೆಯ ಕೆಂಡಕ್ಕೆ ನೀರು ಸುರಿದು, ಬುಟ್ಟಿ ಹೊತ್ತು ಹೊರಟುಹೋದಳು.

ಬಾಗಿಲು ಹಾಕಿದರೆ ಅನುಮಾನ. ಓಡಿದರೂ ಅನುಮಾನ. ಪುಸ್ತಕ ಓದುತ್ತಿದ್ದರೆ? ಪುಸ್ತಕ ಓದುವವನನ್ನು ಯಾರು ಸುಡುತ್ತಾರೆ? ಪುಸ್ತಕದೊಳಗೆ ಇಟ್ಟಿದ್ದ ಪ್ರವೇಶ ಪತ್ರದಲ್ಲಿ ಅವನ ಫೋಟೊ ಇತ್ತು: ಕೋಟು, ಯಾರದೋ ಟೈ, ಕ್ಷೌರ ಮಾಡಿದ ನುಣುಪು ಮುಖ.

ಆಗ ಅಪರಿಚಿತ ಬೈಕಿನವನೊಬ್ಬ ಅಂಗಿಯಿಲ್ಲದೆ ನುಗ್ಗಿ ಬಂದ. ಅಂಗಿಯನ್ನು ಯಾರಿಗೋ ಹೊದಿಸಿ ಬಂದಂತಿತ್ತು.

"ನೀರು! ಅಣ್ಣಾ, ಅಲ್ಲಿ ನಲ್ಲಿ ಬತ್ತಿದೆ. ಹುಡುಗಿ ಮುಖಕ್ಕೆ ನೀರು!"

ಅವನ ಕಣ್ಣು ಕ್ಯಾನಿನ ಮೇಲೆ ಬಿತ್ತು. ಓದಲು ಬರುತ್ತಿತ್ತು ಪಾಪ. ಎತ್ತಿ ಹೆಗಲಿಗೆ ಹಾಕಿಕೊಂಡ.

"ಅದು..." ಎಂದ ಮುಕಲಾಜಿ.

ನೀರಲ್ಲ ಎಂದರೆ ಏನೆಂದು ಹೇಳಬೇಕು. ಏನೆಂದು ಹೇಳಿದರೆ ಯಾರದೆಂದೂ ಹೇಳಬೇಕು. ಹೊರಗೆ ಓಣಿಯ ತುಂಬ ಜನ, ಅವರ ಕೈಯಲ್ಲಿ ಕಲ್ಲು.

"ಏನಣ್ಣಾ?"

ಮುಕಲಾಜಿ ಪುಸ್ತಕಕ್ಕೆ ಕಣ್ಣಿಳಿಸಿದ. ಬೈಕಿನವನು ಕಾಯಲಿಲ್ಲ. 'ನೀರು' ಅವನ ಹೆಗಲ ಮೇಲೆ ಕುಲುಕುತ್ತಾ ಓಣಿಯ ತಿರುವಿನಲ್ಲಿ ಮರೆಯಾಯಿತು.

ಕ್ಯಾನಿದ್ದ ಜಾಗದಲ್ಲಿ, ತಳದಿಂದ ಜಿನುಗಿದ ಆಮ್ಲ ಸಿಮೆಂಟಿನ ಮೇಲೆ ದುಂಡಗೆ ನೊರೆಯೆಬ್ಬಿಸುತ್ತಿತ್ತು, ತೆರೆದ ಬಾಯಿಯಂತೆ. ಮುಕಲಾಜಿಯ ಪೆನ್ಸಿಲು ತಾನಾಗಿ ಪ್ರವೇಶ ಪತ್ರದ ಹಿಂಬದಿಯಲ್ಲಿ ಬರೆಯತೊಡಗಿತು: ಸಿಮೆಂಟಿನ ಸುಣ್ಣಕಲ್ಲು, ಆಮ್ಲ, ಬಾಣದ ಗುರುತು, ಲವಣ, ಅನಿಲ, ನೀರು. ಎಣಿಸಿ ನೋಡಿದ.

ಎರಡೂ ಬದಿ ಸರಿದೂಗಿತ್ತು.