ಉರುಳಿ ಬಂದ ಬಂಡೆ

ಹೊಟ್ಟೆಕಿಚ್ಚಿಗೆ ಮದ್ದಿಲ್ಲ. ಭೂವಿಜ್ಞಾನದ ಮೇಷ್ಟ್ರಿಗೆ ಅದು ವ್ಯಾನು ಹತ್ತುವಾಗಲೇ ಹತ್ತಿಕೊಂಡಿತ್ತು. ಬೆಟ್ಟಕ್ಕೆ ಹೋಗುವ ದಿನ ಡ್ರೈವರ್ ಪಕ್ಕದ ಸೀಟು ಹದಿನಾರು ವರ್ಷದಿಂದ ಅವರದು. ಇವತ್ತು ಅಲ್ಲಿ ದೊಡ್ಡ ವಿಶ್ವವಿದ್ಯಾಲಯದಿಂದ ವಾರದ ಮಟ್ಟಿಗೆ ಬಂದ ಪ್ರೊಫೆಸರು ಕೂತಿದ್ದರು. ಮೇಷ್ಟ್ರಿಗೆ ಸಿಕ್ಕಿದ್ದು ಹಿಂದೆ, ಊಟದ ಡಬ್ಬಿಗಳ ಪಕ್ಕ.

ಹುಡುಗರೋ, ಮನೆಗೆ ಹೊಸ ಅಳಿಯ ಬಂದ ಹಾಗೆ ಆಡುತ್ತಿದ್ದರು. ತರಗತಿಯಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುವವರೆಲ್ಲ ಇವತ್ತು ಪ್ರಶ್ನೆಯ ಮೇಲೆ ಪ್ರಶ್ನೆ! ಹಿತ್ತಲ ಗಿಡ ಮದ್ದಲ್ಲ, ಸರಿ, ಅದನ್ನೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದೆ ಹೋದದ್ದು ಕನ್ನಡಕದ ನಡತೆ. ದಪ್ಪ ಗಾಜಿನಿಂದಾಗಿ ಆ ಅಡ್ಡಹೆಸರು ಪಡೆದ ಹುಡುಗಿ ಮೂರು ವರ್ಷ ಮೇಷ್ಟ್ರ ಬೆನ್ನಿಗೇ ನಡೆದವಳು, ಸುತ್ತಿಗೆ ಹಿಡಿಯುವುದನ್ನು ಅವರಿಂದಲೇ ಕಲಿತವಳು. ಮಿಕ್ಕವರು ಹೊಸಬರು, ಹೋಗಲಿ. ಇವಳೂ ಆ ಮನುಷ್ಯನ ಪಕ್ಕ ಬಿಡದೆ ನಡೆಯುತ್ತಿದ್ದಳಲ್ಲ! ಇವಳೂ ಕೈತಪ್ಪಿದರೆ ಹದಿನಾರು ವರ್ಷ ಪಾಠ ಹೇಳಿ ತಾನು ಗಳಿಸಿದ್ದೇನು?

ಬೆಟ್ಟದ ಕಾಲುದಾರಿಯ ಎರಡನೇ ತಿರುವಿನಲ್ಲಿ ಮನೆಯಷ್ಟು ದೊಡ್ಡ ಬಂಡೆ. ಪ್ರೊಫೆಸರು ಅದರ ಪದರದ ಮೇಲೆ ದಿಕ್ಸೂಚಿ ಇಟ್ಟು, "ಪಶ್ಚಿಮಕ್ಕೆ ಮೂವತ್ತು ಡಿಗ್ರಿ ವಾಲಿದೆ ನೋಡಿ. ಬೆಟ್ಟ ಪೂರ್ತಿ ಹಿಂಗೇ ಇರತ್ತೆ, ಬರ್ಕೊಳ್ಳಿ" ಅಂದರು.

ಮೇಷ್ಟ್ರ ಮೈ ಜುಮ್ಮೆಂದಿತು. ಆ ಬಂಡೆ ಎಂದೋ ಮೇಲಿನಿಂದ ಉರುಳಿ ಬಂದದ್ದು. ಅದರ ಓರೆಗೂ ಬೆಟ್ಟದ ಓರೆಗೂ ಸಂಬಂಧವೇ ಇಲ್ಲ. ಪ್ರಾಯದಲ್ಲಿ ಮೇಷ್ಟ್ರೇ ಎರಡು ದಿನ ಅದನ್ನು ಅಳೆದು ಬೇಸ್ತು ಬಿದ್ದಿದ್ದರು. ಪ್ರತಿ ವರ್ಷ ಹೊಸ ಹುಡುಗರಿಂದ ಅದನ್ನೇ ಅಳೆಸಿ, ಆಮೇಲೆ ತಮ್ಮ ಪೆದ್ದುತನ ಹೇಳಿಕೊಂಡು ನಗಿಸುತ್ತಿದ್ದರು.

ಇವತ್ತು ತುಟಿ ಬಿಚ್ಚಲಿಲ್ಲ. ಬರೆದುಕೊಳ್ಳಲಿ. ಊಟದ ಹೊತ್ತಿಗೆ ಎಲ್ಲರೆದುರು ಹೇಳಿದರೆ ಆತನ ಮುಖ ನೋಡುವ ಹಾಗಿರುತ್ತದೆ. ಕನ್ನಡಕ ಒಮ್ಮೆ ತಿರುಗಿ ನೋಡಿದಳು. ಮತ್ತೊಮ್ಮೆ ನೋಡಿದಳು. ಮೇಷ್ಟ್ರು ಬಗ್ಗಿ ಬೂಟಿನ ಲೇಸು ಬಿಚ್ಚಿ ಕಟ್ಟತೊಡಗಿದರು.

ಊಟದ ಡಬ್ಬಿಗಳು ಬಿಚ್ಚಿಕೊಂಡಾಗ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಪ್ರೊಫೆಸರೇ, ಆ ಬಂಡೆ ಇದೆಯಲ್ಲ..."

"ಉರುಳಿ ಬಂದದ್ದು!" ಪ್ರೊಫೆಸರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ಹುಡುಗಿ ಆಗ್ಲೇ ಪಕ್ಕಕ್ಕೆ ಕರೆದು ಹೇಳಿದ್ಲು. ನೀವು ಹಿಂದೆ ಉಳ್ದಿದ್ರಿ, ಹುಡುಗರು ಬರ್ಕೊಂಡಿದ್ದನ್ನ ಅಲ್ಲೇ ಹೊಡೆದು ಹಾಕಿಸಿದೆ. ನಿಮ್ಮ ಎರಡು ದಿನದ ಕಥೆನೂ ಕೇಳಿದೆ. ತನ್ನ ತಪ್ಪನ್ನ ಮಕ್ಕಳ ಮುಂದೆ ಹೇಳ್ಕೊಳ್ಳೋ ಮೇಷ್ಟ್ರು ನನಗೆ ಸಿಕ್ಕಿರಲಿಲ್ಲ ಕಣ್ರೀ!"

ಮೇಷ್ಟ್ರು ತಮ್ಮ ಡಬ್ಬಿಯ ಮುಚ್ಚಳ ಮತ್ತೆ ಮುಚ್ಚಿದರು.

ಇಳಿಯುವಾಗ ಅವಳನ್ನು ಹಿಡಿದು ಕೇಳಿಯೇಬಿಟ್ಟರು. "ನನ್ನ ಕಥೆ ಅವರಿಗ್ಯಾಕೆ ಹೇಳ್ದೆ?"

"ನೀವೇ ಹೇಳ್ತೀರಿ ಅಂತ ಕಾದೆ ಸರ್. ಎರಡು ಸಲ ನೋಡ್ದೆ. ನೀವು ಲೇಸ್ ಕಟ್ತಾ ಇದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ವ್ಯಾನಿನ ಹತ್ತಿರ ಪ್ರೊಫೆಸರು ಮುಂದಿನ ಬಾಗಿಲು ತೆರೆದು ನಿಂತಿದ್ದರು. "ಇದು ನಿಮ್ಮ ಜಾಗ ಅಂತೆ, ಆ ಹುಡುಗಿ ಹೇಳಿದ್ಲು. ಕೂತ್ಕೊಳ್ಳಿ, ಕೂತ್ಕೊಳ್ಳಿ."

ಮೇಷ್ಟ್ರು ಕೂತರು. ಎದುರಿನ ಕನ್ನಡಿಯಲ್ಲಿ ಹಿಂದಿನ ಸೀಟು ಪೂರ್ತಿ ಕಾಣುತ್ತಿತ್ತು. ಊರು ಬರುವವರೆಗೂ ಕನ್ನಡಕ ಕಿಟಕಿಯ ಆಚೆಗೇ ನೋಡುತ್ತಿದ್ದಳು.