ಕೈಯ ತೊಟ್ಟಿಲು

ಶಹ್ಲೋಳ ಬಾಗಿದ ಬಲಗೈಯನ್ನು ನೇರ ಹಿಡಿದಿಡಲು ಮೊದಲ ಸ್ಪ್ಲಿಂಟ್ ಮಾಡಿದ ದಿನ ಅವಳ ಅಜ್ಜಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನಾನು ಬಾಗಿಲು ಹಾಕಿಕೊಂಡಿದ್ದೆ. ಅದು ನನ್ನ ರೂಢಿ. ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನ ಬಾಣಲೆಯಲ್ಲಿ ಅದ್ದಿದರೆ ನಾದಿದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಹೊರತೆಗೆದು ಮಗುವಿನ ಕೈಗೆ ಒತ್ತಿ ಆಕಾರ ಕೊಡಲು ಸಿಗುವುದು ಮೂರೋ ನಾಲ್ಕೋ ನಿಮಿಷ. ಆಮೇಲೆ ಅದು ಕಲ್ಲು. ಆ ಮೂರು ನಿಮಿಷ ಯಾರಾದರೂ ನನ್ನನ್ನೇ ನೋಡುತ್ತಿದ್ದರೆ ನನ್ನ ಕೈ ನಡುಗುತ್ತದೆ, ಅಂಚು ಸೊಟ್ಟಗಾಗುತ್ತದೆ.

ನನ್ನ ಜೊತೆ ಕೆಲಸ ಮಾಡುವ ಝೈನುರಾ ಆಪಾ ಹಾಗಲ್ಲ. ಇಪ್ಪತ್ತು ವರ್ಷದಿಂದ ಇದೇ ದುಶಾಂಬೆಯ ಆಸ್ಪತ್ರೆಯಲ್ಲಿ ಮಕ್ಕಳ ಕೈ ನೋಡುತ್ತಿರುವವರು. ಅವರು ಬಾಗಿಲು ತೆರೆದೇ ಕೆಲಸ ಮಾಡುತ್ತಾರೆ. ತಾಯಂದಿರು, ಅತ್ತೆಯರು ಬಾಣಲೆಯ ಸುತ್ತ ನೆರೆಯುತ್ತಾರೆ, ಕತ್ತರಿಸಿ ಉಳಿದ ತುಂಡುಗಳನ್ನು ಹಿಚುಕಿ ಹೂವು ಮಾಡುತ್ತಾರೆ, ಊರಿನ ಸುದ್ದಿ ಹೇಳುತ್ತಾರೆ. ನನ್ನ ಮುಚ್ಚಿದ ಬಾಗಿಲನ್ನು ನೋಡಿ ಆಪಾ ಎಲ್ಲರೆದುರಿಗೇ ಒಮ್ಮೆ ಅಂದಿದ್ದರು: “ನಮ್ಮ ರುಖ್ಶೋನಾ ಮದುವೆಯಾದ ಮೇಲೂ ಗಂಡನ್ನ ಅಂಗಳದಲ್ಲಿ ಕೂರಿಸಿಯೇ ಪಲಾವ್ ಮಾಡ್ತಾಳೆ ನೋಡ್ತಿರಿ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನವೂ ಬಾಗಿಲು ಹಾಕಿಕೊಂಡೆ.

ಶಹ್ಲೋಗೆ ಆಗ ನಾಲ್ಕು ವರ್ಷ. ರಾಶ್ತ್ ಕಣಿವೆಯ ತೀರಾ ಮೇಲಿನ ಹಳ್ಳಿಯವಳು. ಹುಟ್ಟುವಾಗಲೇ ಕೀಲು ಬಿಗಿದಿತ್ತು. ಬಲ ಮಣಿಕಟ್ಟು ಒಳಕ್ಕೆ ಮಡಚಿಕೊಂಡು ಕೈ ಕೆಳಗೆ ಜೋತುಬಿದ್ದಿತ್ತು, ನೀರಿಲ್ಲದ ಹೂವಿನ ಹಾಗೆ. ದೊಡ್ಡವರ ಮುಂದೆ ಎದೆಯ ಮೇಲೆ ಅಂಗೈಯಿಟ್ಟು ಸಲಾಂ ಹೇಳುವುದನ್ನು ಅಜ್ಜಿ ಕಲಿಸಿದ್ದರು. ಅವಳು ಶ್ರದ್ಧೆಯಿಂದ ಹೇಳುತ್ತಿದ್ದಳು. ಆದರೆ ಎದೆಗೆ ತಾಗುತ್ತಿದ್ದುದು ಅಂಗೈಯಲ್ಲ, ಬೆರಳ ತುದಿಗಳು. ತನ್ನನ್ನೇ ತಾನು ಚುಚ್ಚಿಕೊಂಡ ಹಾಗೆ ಕಾಣುತ್ತಿತ್ತು.

ಪ್ರತಿ ಮೇ ತಿಂಗಳು ಹೊರದೇಶದಿಂದ ಒಬ್ಬ ಕೈ ಸರ್ಜನ್ ಬರುತ್ತಿದ್ದರು. ಅವಳನ್ನು ನೋಡಿ ಅವರು ದುಭಾಷಿಯ ಮೂಲಕ ಹೇಳಿದ್ದು ಇಷ್ಟು: “ಬಾಗಿದ್ದನ್ನ ನೇರ ಮಾಡೋಕೆ ನನ್ನಿಂದ ಆಗಲ್ಲ. ನೀವು ನೇರ ಮಾಡಿ ಕೊಟ್ರೆ ಅದು ಹಾಗೇ ಉಳಿಯೋ ಥರ ನಾನು ಮಾಡ್ತೀನಿ.” ಮುಂದಿನ ಮೇ ತಿಂಗಳದ್ದೇ ಅವರ ಕೊನೆಯ ಭೇಟಿ. ಆಮೇಲೆ ಅವರ ತಂಡ ಬೇರೆ ದೇಶಕ್ಕೆ. ಇಲ್ಲಿ ಆ ಕೆಲಸ ಮಾಡಬಲ್ಲವರು ಬೇರೆ ಯಾರೂ ಇರಲಿಲ್ಲ. ಒಂದು ವರ್ಷ, ಒಂದು ಮಣಿಕಟ್ಟು. ಅದು ನನ್ನ ಪಾಲಿಗೆ ಬಂತು.

ಆಗಸ್ಟಿನಲ್ಲಿ ಅಜ್ಜಿ ಬೀಬಿ ಸನೋಬರ್ ಮೊಮ್ಮಗಳನ್ನು ಕರೆದುಕೊಂಡು ನಗರದ ನೆಂಟರ ಮನೆಗೆ ಬಂದಿಳಿದರು. ಸೊಸೆ, ಶಹ್ಲೋಳ ತಾಯಿ, ಬಸುರಿ; ಹಳ್ಳಿಯಲ್ಲೇ ಉಳಿದಿದ್ದಳು. ಹತ್ತು ದಿನಕ್ಕೊಮ್ಮೆ ಅಜ್ಜಿ ಮೊಮ್ಮಗಳು ಬರುತ್ತಿದ್ದರು. ನಾನು ಕೈಯನ್ನು ಬೆಚ್ಚಗೆ ಮಾಡಿ, ನೋವು ತಾಳುವಷ್ಟು ಎಳೆದು, ಕೋನ ಅಳೆದು, ಹಿಂದಿನದಕ್ಕಿಂತ ತುಸು ನೇರವಾದ ಸ್ಪ್ಲಿಂಟ್ ಮಾಡುತ್ತಿದ್ದೆ. ಎಂಬತ್ತೈದು ಡಿಗ್ರಿಯ ಬಾಗು ಅರವತ್ತಾಯಿತು, ನಲವತ್ತಾಯಿತು. ನವೆಂಬರಿನ ಮೊದಲ ವಾರ ಇಪ್ಪತ್ತಕ್ಕೆ ಇಳಿಯಿತು. ಸೊಸೆಯ ಹೆರಿಗೆಗೆಂದು ಅವರು ಹಳ್ಳಿಗೆ ಮರಳುವ ದಿನ ಅದು; ಹೊರಡುವಾಗ ಶಹ್ಲೋ ಸಲಾಂ ಮಾಡಿದಳು. ಅಂಗೈಯ ಬುಡ ಅವಳ ಅಂಗಿಯ ಗುಂಡಿಗೆ ತಾಗಿತು. ಬೀಬಿ ಸನೋಬರ್ ನೋಡಿದರು. ಚೀಲದಿಂದ ಒಣ ಏಪ್ರಿಕಾಟ್ ತೆಗೆದು ನನ್ನ ಬಿಳಿ ಕೋಟಿನ ಎರಡೂ ಜೇಬಿಗೆ ತುಂಬಿದರು.

ಆ ಮುದುಕಿಗೆ ನನ್ನ ಮೌನ ಒಂದು ತಮಾಷೆ. ನಾನು ಸ್ಪ್ಲಿಂಟಿನ ಪಟ್ಟಿ ಕಟ್ಟುವುದು ಹೇಗೆಂದು ತೋರಿಸಹೋದರೆ ಕೈಯಿಂದಲೇ ಕಿತ್ತುಕೊಂಡರು. “ಒಂಬತ್ತು ಮಕ್ಕಳನ್ನ ಪಟ್ಟಿ ಬಿಗಿದು ತೊಟ್ಟಿಲಿಗೆ ಕಟ್ಟಿದೀನಿ ಮಗಳೇ. ಎಷ್ಟು ಬಿಗಿದರೆ ಮಗು ಮಲಗುತ್ತೆ, ಎಷ್ಟು ಬಿಗಿದರೆ ನೀಲಿಯಾಗುತ್ತೆ, ಈ ಬೆರಳಿಗೆ ಗೊತ್ತು. ಇದು ಕೈಯ ತೊಟ್ಟಿಲು ಅಷ್ಟೇ ತಾನೇ?” ಕಟ್ಟಿದ್ದು ನನಗಿಂತ ಚೆನ್ನಾಗಿತ್ತು. ಆಮೇಲೆ ನನ್ನ ಮುಖ ನೋಡಿ, “ನಿನ್ನ ಬಾಯಿಗೂ ಯಾರೋ ಒಂದು ಪಟ್ಟಿ ಕಟ್ಟಿದಾರೆ. ನಮ್ಮ ಕಡೆ ಕರ್ಕೊಂಡು ಹೋಗಿ ಬಿಚ್ಚಿಸ್ತೀನಿ,” ಅಂದರು.

ಹಳ್ಳಿಗೆ ಹೊರಟ ಆ ದಿನ ನಾನು ಹೇಳಬೇಕಾದದ್ದು ಇನ್ನೂ ಇತ್ತು. ಚಳಿಗಾಲದಲ್ಲಿ ಮನೆ ಹೇಗಿರುತ್ತದೆ, ಮಗು ಎಲ್ಲಿ ಕೂರುತ್ತದೆ, ಯಾರು ಎಳೆಯುತ್ತಾರೆ ಎಂದು ಕೇಳಬೇಕಿತ್ತು. ಬೀಬಿಯ ನಗುವಿನ ಮುಂದೆ ಕೇಳದೆ ಬಿಟ್ಟೆ. ಬದಲಿಗೆ ಸೂಚನೆಗಳ ಅಚ್ಚಾದ ಕಾಗದ ಕೊಟ್ಟೆ. ಹೊರದೇಶದ ಕಾಗದವನ್ನು ನಾನೇ ತಾಜಿಕ್ ಭಾಷೆಗೆ ಇಳಿಸಿದ್ದೆ, ಒಂದು ಅಲ್ಪವಿರಾಮವೂ ತಪ್ಪದಂತೆ. ಸ್ಪ್ಲಿಂಟನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು, ರೇಡಿಯೇಟರ್ ಮೇಲಿಡಬಾರದು, ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಬಾರದು. ಬೀಬಿಗೆ ಓದಿ ಹೇಳಿದೆ. “ಕಾರು ಇಲ್ಲ, ಯಂತ್ರ ಇಲ್ಲ. ಮತ್ತೆ?” ಎಂದು ಕೇಳಿದರು. ಹಗಲೂ ಇರುಳೂ ತೆಗೆಯಬಾರದು, ಕೈ ತೊಳೆದು ಎಳೆಯುವಾಗ ಮಾತ್ರ ಬಿಚ್ಚಬೇಕು, ಕೈಯನ್ನು ಬೆಚ್ಚಗಿಡಬೇಕು ಅಂದೆ. “ಬೆಚ್ಚಗಿಡೋದಾ? ಅದೊಂದು ನಮಗೆ ಹೇಳಿಕೊಡಬೇಡ,” ಅಂದರು.

ಹಿಮ ಬಿತ್ತು. ಅವರ ಹಳ್ಳಿಯ ದಾರಿ ಮುಚ್ಚಿತು. ಜನವರಿಯಲ್ಲಿ ಒಮ್ಮೆ ಫೋನ್ ಸಿಕ್ಕಿತು. ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡ ಹಾಗೆ. ಸೊಸೆಗೆ ಗಂಡು ಹುಟ್ಟಿದೆ, ಕರೆಂಟು ಸಂಜೆ ಎರಡು ಗಂಟೆ ಬಂದರೆ ದೊಡ್ಡದು, ತೊಟ್ಟಿಲು ಕೈಗೆ ಅಂಟಿಕೊಂಡ ಹಾಗೆ ಕೂತಿದೆ, ಶಹ್ಲೋ ಈಗ ನೋವು ಅನ್ನುವುದೇ ಇಲ್ಲ ಎಂದು ಬೀಬಿ ಹೇಳಿದರು. ನನಗೆ ಸಂತೋಷವಾಯಿತು. ಅವಳ ಕಡತದ ಅವತ್ತಿನ ಪುಟದಲ್ಲಿ ‘ನೋವಿಲ್ಲವಂತೆ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಎಳೆದು ಹಿಡಿಯುವ ಸ್ಪ್ಲಿಂಟ್ ತುಸುವಾದರೂ ನೋಯಲೇಬೇಕು. ನೋಯದಿದ್ದರೆ ಅದು ಎಳೆಯುತ್ತಿಲ್ಲ ಎಂದೇ ಅರ್ಥ. ಇದು ನಾನು ಓದಿ ಪಾಸಾದ ಪಾಠ. ಆದರೂ ಬೇಗ ಫೋನ್ ಇಟ್ಟುಬಿಟ್ಟಿದ್ದೆ.

ಏಪ್ರಿಲ್ ಎರಡನೇ ವಾರ ಹಿಮ ಕರಗಿ ದಾರಿ ತೆರೆಯಿತು. ಬೀಬಿ ಸನೋಬರ್ ಶಾಲು ಬಿಚ್ಚುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿದರು: “ಒಂದು ದಿನ ತಪ್ಪಿಸಿಲ್ಲ. ತೊಳೆದ್ವಿ, ಎಳೆದ್ವಿ, ಕಟ್ಟಿದ್ವಿ. ಅಲ್ಲಾ ಸಾಕ್ಷಿ.”

ಶಹ್ಲೋಳ ತೋಳಿನ ಮೇಲೆ ಸ್ಪ್ಲಿಂಟ್ ಅಚ್ಚುಕಟ್ಟಾಗಿ ಕೂತಿತ್ತು. ಪಟ್ಟಿಗಳು ಒಗೆದು ಶುಭ್ರವಾಗಿದ್ದವು. ಬಿಚ್ಚಿದೆ. ಕೈ ಕೆಳಗೆ ಜೋತುಬಿತ್ತು. ಅಳೆದೆ. ಎಪ್ಪತ್ತು. ಇನ್ನೊಮ್ಮೆ ಅಳೆದೆ. ಆಮೇಲೆ ಸ್ಪ್ಲಿಂಟನ್ನು ಬೆಳಕಿಗೆ ಹಿಡಿದೆ. ಅದೂ ಎಪ್ಪತ್ತಕ್ಕೆ ಬಾಗಿತ್ತು. ಒಡೆದಿರಲಿಲ್ಲ, ಬಿರುಕಿರಲಿಲ್ಲ. ಯಾರೋ ಬೇಕೆಂದೇ ಕೂತು ಹಾಗೆ ಮಾಡಿದಂತೆ ನಯವಾಗಿ ಬಾಗಿತ್ತು.

ಬಿಸಿನೀರಿಗೆ ಹಾಕಿದಿರಾ ಎಂದು ಕೇಳಿದೆ. ನನ್ನ ಧ್ವನಿ ನನಗೇ ಒರಟಾಗಿ ಕೇಳಿಸಿತು. ತಣ್ಣೀರಲ್ಲೇ ಒರೆಸಿದ್ದು ಎಂದರು ಬೀಬಿ. ಒಲೆಯ ಹತ್ತಿರ ಇಟ್ಟಿರಾ? ತೊಳೆದು ಎಳೆಯುವಾಗ ಬಿಟ್ಟರೆ ಕೈಯಿಂದ ತೆಗೆದೇ ಇಲ್ಲ ಅನ್ನುತ್ತಿರುವಾಗ ಒಲೆಯ ಹತ್ತಿರ ಇಡುವುದು ಹೇಗೆ ಎಂದರು. ಅವರ ಮುಖ ಬಿಗಿಯಿತು. ತಾನು ಸುಳ್ಳು ಹೇಳುತ್ತಿದ್ದೇನೆ ಎಂದು ಈ ಹುಡುಗಿ ಅಂದುಕೊಂಡಿದ್ದಾಳೆ ಎನ್ನುವುದು ಅವರಿಗೆ ತಿಳಿದುಹೋಗಿತ್ತು. ಎದ್ದು ಹೊರಗೆ ಹೋಗಿ ತಮ್ಮ ಬೆಂಚಿನಲ್ಲಿ ಕೂತರು. ಬಾಗಿಲನ್ನು ಅವರೇ ಎಳೆದುಕೊಂಡರು.

ನಾನು ಶಹ್ಲೋಳ ಮುಂದೆ ನೆಲದ ಮೇಲೆ ಕೂತೆ. ಮಕ್ಕಳ ಹತ್ತಿರ ನನಗೆ ಮಾತು ಬರುತ್ತದೆ. ಚಳಿಗಾಲದಲ್ಲಿ ಎಲ್ಲಿ ಕೂರುತ್ತಿದ್ದೆ ಪುಟ್ಟಿ ಎಂದು ಕೇಳಿದೆ.

“ಸಂದಲಿ ಕೆಳಗೆ. ಬೀಬಿ ಪಕ್ಕ.”

“ಕೈ?”

“ಕೈನೂ ಒಳಗೆ. ಬೆಚ್ಚಗಿಡಬೇಕಲ್ಲ.” ಅವಳು ದನಿ ತಗ್ಗಿಸಿದಳು. “ಸಂಜೆ ಹೊತ್ತು ತೊಟ್ಟಿಲು ಮೆತ್ತಗಾಗ್ತಿತ್ತು. ಆಮೇಲೆ ನೋಯ್ತಿರ್ಲಿಲ್ಲ. ನಾನು ಯಾರಿಗೂ ಹೇಳಿಲ್ಲ.”

ಸಂದಲಿ. ನೆಲದ ಗುಂಡಿಯಲ್ಲಿ ಕೆಂಡ, ಮೇಲೆ ಗಿಡ್ಡ ಮೇಜು, ಅದರ ಮೇಲೆ ದಪ್ಪ ರಜಾಯಿ. ಸುತ್ತ ಇಡೀ ಮನೆ ಕಾಲು ಕೈ ಒಳಗಿಟ್ಟು ಕೂರುತ್ತದೆ. ನನ್ನ ಅಜ್ಜಿಯ ಮನೆಯಲ್ಲಿ ನಾನೂ ಹಾಗೆಯೇ ಕೂತು ಬೆಳೆದವಳು. ಅಲ್ಲಿ ಕೂತೇ ಅಕ್ಷರ ಕಲಿತವಳು. ಕಾರು ಬರೆದಿದ್ದೆ, ಯಂತ್ರ ಬರೆದಿದ್ದೆ. ಸಂದಲಿ ಮೂಲ ಕಾಗದದಲ್ಲಿ ಇರಲಿಲ್ಲ, ನಾನು ಸೇರಿಸಲಿಲ್ಲ. ಐದು ತಿಂಗಳು, ಪ್ರತಿ ಸಂಜೆ, ಕೆಂಡದ ಕಾವಿಗೆ ಪ್ಲಾಸ್ಟಿಕ್ ಒಂದು ಕೂದಲೆಳೆಯಷ್ಟು ಸಡಿಲಾಗಿ, ಮಣಿಕಟ್ಟು ತನ್ನ ಹಳೆಯ ದಾರಿಗೆ ಒಂದು ಕೂದಲೆಳೆಯಷ್ಟು ಮರಳಿ, ರಜಾಯಿಯಿಂದ ಹೊರಬಂದಾಗ ಚಳಿಗೆ ಅದು ಅಲ್ಲೇ ಕಲ್ಲಾಗಿತ್ತು. ತೆಗೆದಿಟ್ಟಿದ್ದರೂ ಇಷ್ಟು ಕೆಡುತ್ತಿರಲಿಲ್ಲ. ಒಂದು ದಿನವೂ ತಪ್ಪಿಸದೆ ಕಟ್ಟಿದ್ದರಿಂದ ಕೆಟ್ಟಿತು.

ಝೈನುರಾ ಆಪಾಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಸ್ಪ್ಲಿಂಟನ್ನು ತಿರುಗಿಸಿ ನೋಡಿದರು. ಬಾಗಿಲು ತೆರೆದು ಮಾಡಿದ್ದರೆ ಬೀಬಿ ಅದು ಬಿಸಿಗೆ ಮೆತ್ತಗಾಗುವುದನ್ನು ನೋಡಿರುತ್ತಿದ್ದರು ಎಂದು ಅವರು ಅನ್ನಲಿಲ್ಲ. “ಮುದುಕಿಗೆ ಹೇಳ್ಬೇಡ. ಮೂಳೆ ಹಾಗಿತ್ತು ಅನ್ನು. ಗೊತ್ತಾದ್ರೆ ಸಾಯೋತನಕ ಆ ಸಂದಲಿ ಮುಂದೆ ಕೂರೋಕೆ ಆಗಲ್ಲ ಅವರಿಗೆ,” ಅಂದರು.

ಸರ್ಜನ್ ಬರಲು ಮೂರೂವರೆ ವಾರ ಇತ್ತು. ದಿನವೂ ಬರಹೇಳಿದೆ. ಎಳೆದೆ, ಮರುದಿನ ಎಳೆದೆ. ಶಹ್ಲೋ ಮೊದಲು ಅತ್ತಳು; ಆಮೇಲೆ ನನ್ನನ್ನು ಕಂಡರೆ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳಲು ಶುರುಮಾಡಿದಳು. ಎಪ್ಪತ್ತು ಅರವತ್ತೆರಡಾಯಿತು. ಚರ್ಮ ಕೆಂಪಾಗಿ ಒಂದು ಕಡೆ ಬಿರಿಯಿತು, ನಾಲ್ಕು ದಿನ ಬಿಡಬೇಕಾಯಿತು. ಮತ್ತೆ ಅಳೆದಾಗ ಅರವತ್ತೈದು.

ಮೇ ತಿಂಗಳು ಬಂತು. ಸರ್ಜನ್ ಅವಳ ಕೈಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಮೇಲಕ್ಕೆತ್ತಿದರು, ಅದು ನಿಂತಲ್ಲಿ ನಿಲ್ಲಿಸಿದರು. ಕಳೆದ ವರ್ಷದ ಫೋಟೋ ನೋಡಿದರು, ನವೆಂಬರಿನ ನನ್ನ ಅಳತೆ ನೋಡಿದರು, ಏನಾಯಿತು ಎಂದು ಕೇಳಿದರು. ದುಭಾಷಿ ನನ್ನ ಕಡೆ ತಿರುಗಿದ. ಇಬ್ಬರು ದಾದಿಯರು, ಆಪಾ, ಬಾಗಿಲ ಬಳಿ ಬೀಬಿ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಶಹ್ಲೋಳ ಪಟ್ಟಿಗಳನ್ನು ಮಡಚತೊಡಗಿದೆ. ಆಪಾ ನನಗಾಗಿ ಮೂಳೆಯ ಬಗ್ಗೆ ಏನೋ ಹೇಳಿದರು. ಸರ್ಜನ್ ಶಹ್ಲೋಳ ಕೆನ್ನೆ ಸವರಿ ಪಟ್ಟಿಯಲ್ಲಿದ್ದ ಮುಂದಿನ ಹೆಸರು ಕರೆದರು.

ಮರುದಿನ ಅವರು ಊರಿಗೆ ಹೊರಡುವ ಮೊದಲು ಕೊನೆಯದೊಂದು ಸ್ಪ್ಲಿಂಟ್ ಮಾಡಬೇಕಿತ್ತು. ನೇರ ಮಾಡಲಿಕ್ಕಲ್ಲ, ಇನ್ನೂ ಬಾಗದ ಹಾಗೆ ಹಿಡಿದಿಡಲಿಕ್ಕೆ. ಅದು ಬೆಳೆಯುವ ಕೈಗೆ ಒಂದು ವರ್ಷ ಸಾಕಾಗುತ್ತದೆ, ಆಮೇಲೆ ಇಕ್ಕಟ್ಟಾಗುತ್ತದೆ. ಬೀಬಿ ಸನೋಬರ್ ಎಂದಿನಂತೆ ಬೆಂಚಿನ ಕಡೆ ನಡೆದರು. ಹೇಳುವ ಬಾಯಿ ನನಗಿರಲಿಲ್ಲ, ಮುಚ್ಚಿಡುವ ಧೈರ್ಯವೂ ಇರಲಿಲ್ಲ. ಒಳಗೇ ಇರಿ ಬೀಬಿ ಎಂದೆ. ಬಾಗಿಲು ತೆರೆದೇ ಬಿಟ್ಟೆ.

ಬಿಳಿ ಹಾಳೆಯನ್ನು ಬಾಣಲೆಗೆ ಇಳಿಸಿದೆ. ಬೀಬಿ ಹತ್ತಿರ ಬಂದು ನಿಂತರು. ಹಾಳೆ ಮೊದಲು ಅಂಚಿನಲ್ಲಿ ಬಳುಕಿತು, ಆಮೇಲೆ ಪೂರ್ತಿ ನೀರಿನ ಜೊತೆ ಮಡಚಿಕೊಂಡಿತು. ಬೀಬಿ ನೀರಿನಲ್ಲಿ ಬೆರಳದ್ದಿದರು. ಐವತ್ತು ವರ್ಷ ತಂದೂರಿನ ಗೋಡೆಗೆ ರೊಟ್ಟಿ ಬಡಿದ ಕೈ, ತಕ್ಷಣ ತೆಗೆಯಲಿಲ್ಲ.

“ಕುದೀತಿಲ್ಲ,” ಅಂದರು. ಬೆರಳು ತೆಗೆದು ಶಾಲಿಗೆ ಒರೆಸಿಕೊಳ್ಳುತ್ತ, “ನಮ್ಮ ಕೆಂಡ ಇದಕ್ಕಿಂತ ಬಿಸಿ.”

ನಾನು ತಲೆಯಾಡಿಸಿದೆ. ಹಾಳೆಯನ್ನು ಎತ್ತಿ ಒರೆಸಿ ಶಹ್ಲೋಳ ಕೈಗೆ ಒತ್ತಿದೆ, ಬಾಗಿದ ಕೈಗೆ ಬಾಗಿದ ಆಕಾರ. ಮೂರು ನಿಮಿಷ ಒತ್ತಿ ಹಿಡಿದೆ. ಗಟ್ಟಿಯಾದ ಮೇಲೆ ಬೀಬಿ ಕೇಳಿದರು: “ಅವತ್ತು ನನ್ನನ್ನ ಯಾಕೆ ಹೊರಗೆ ಕೂರಿಸಿದೆ?”

“ನಾಚಿಕೆ ಆಗ್ತಿತ್ತು ಬೀಬಿ.”

ಅವರು ನನ್ನನ್ನು ನೋಡಿದರು. ಬಯ್ಯುತ್ತಾರೆ ಎಂದು ಕಾದೆ, ಬಯ್ದಿದ್ದರೆ ಚೆನ್ನಾಗಿತ್ತು. ಅವರು ಮಂಡಿಯೂರಿ ಕೂತು ಪಟ್ಟಿಗಳನ್ನು ಕಟ್ಟಿದರು. ಒಂಬತ್ತು ಮಕ್ಕಳನ್ನು ಕಟ್ಟಿದ ಆ ಬೆರಳುಗಳು ಮೊದಲ ಪಟ್ಟಿಯನ್ನು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದವು, ಎಷ್ಟು ಬಿಗಿಯಬೇಕೆಂದು ಮರೆತುಹೋದ ಹಾಗೆ.

ಹೊಸಿಲಲ್ಲಿ ಶಹ್ಲೋ ತಿರುಗಿ, ಕಲಿಸಿದ್ದ ಹಾಗೆ, ಬಲಗೈ ಎದೆಗೆ ಒಯ್ದಳು. ಬೆರಳ ತುದಿಗಳು ಅಂಗಿಗೆ ಚುಚ್ಚಿದವು. ಬೀಬಿ ಸನೋಬರ್ ಸಲಾಂ ಹೇಳಲಿಲ್ಲ. ಮಗುವಿನ ಇನ್ನೊಂದು ಕೈ ಹಿಡಿದು ನಡೆದರು.

ಬಾಣಲೆಯ ನೀರು ಇನ್ನೂ ಬಿಸಿಯಿತ್ತು. ಬೆಂಚಿನಲ್ಲಿ ಮುಂದಿನ ಮಗುವಿನ ತಾಯಿ ಕೂತಿದ್ದಳು. ನೀವೂ ಒಳಗೆ ಬನ್ನಿ ಎಂದೆ. ಎಷ್ಟು ಮೆಲ್ಲಗೆ ಎಂದೆನೋ, ಅವಳಿಗೆ ಕೇಳಿಸಲಿಲ್ಲ. ಮಗುವನ್ನು ಒಳಕ್ಕೆ ಕಳಿಸಿ ಬಾಗಿಲು ಮುಂದೆ ಮಾಡಿದಳು.